ಧಾರಾವಿಯ ಹೊಸ್ತಿಲಲ್ಲಿ ಹನ್ನೆರಡನೆಯ ಚಿತ್ರ

ಸಂಘದ ವತಿಯಿಂದ ವರ್ಷಕ್ಕೊಮ್ಮೆ ವಿಹಾರಕ್ಕೆ ಹೋಗುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬಸ್ಸು ಗೊತ್ತುಮಾಡುವುದು, ಪುಳಿಯೋಗರೆಯ ಪೊಟ್ಟಣ ಕಟ್ಟುವುದು, ಹೊರಡುವಾಗ ಮಕ್ಕಳನ್ನು ಎಣಿಸುವುದು, ಹಿಂದಿರುಗುವಾಗ ಮತ್ತೆ ಎಣಿಸುವುದು, ಇವೆಲ್ಲ ವಾಚಕರು ಬಲ್ಲ ಸಂಗತಿಗಳೇ. ನಾನೀಗ ಹೇಳಹೊರಟಿರುವ ವಿಹಾರಕ್ಕೆ ಬಸ್ಸೂ ಇರಲಿಲ್ಲ, ಪುಳಿಯೋಗರೆಯೂ ಇರಲಿಲ್ಲ. ಕಳೆದ ಚಳಿಗಾಲದ ಒಂದು ಭಾನುವಾರ ನಾವು ನಾಲ್ವರು ಮುದುಕರು, ಒಬ್ಬ ಹುಡುಗಿ, ಒಂದು ಹಳೆಯ ಕ್ಯಾಮರಾ, ಒಂದು ಹೊಸ ಮೊಬೈಲು, ಇಷ್ಟೇ ನಮ್ಮ ಪರಿವಾರ. ಹೋದ ಊರು ಧಾರಾವಿ.

ನಾಲ್ವರು ಯಾರೆಂದರೆ, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಹೋಟೆಲನ್ನು ಮಗನಿಗೆ ಒಪ್ಪಿಸಿಯೂ ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಸಾಂಬಾರಿನ ರುಚಿ ನೋಡದೆ ಇರಲಾರದ ಶೆಟ್ಟರು, ಬ್ಯಾಂಕಿನಲ್ಲಿ ಲೆಕ್ಕ ಬರೆದು ಈಗ ಮನೆಯ ತರಕಾರಿಯ ಲೆಕ್ಕ ಬರೆಯುತ್ತಿರುವ ರಾಯರು, ನಾಲ್ಕನೆಯವನು ನಾನು. ಹುಡುಗಿ ಶೆಟ್ಟರ ಮೊಮ್ಮಗಳು, ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ಫೋಟೋ ತೆಗೆಯುವ ಹುಚ್ಚು ನಮ್ಮೆಲ್ಲರಿಗೂ ಇದೆ. ಮೇಷ್ಟ್ರಿಗೆ ಮಾತ್ರ ಕ್ಯಾಮರಾ ಇಲ್ಲ. ಎಲ್ಲಿ ನಿಂತು ಏನನ್ನು ತೆಗೆಯಬೇಕೆಂದು ಹೇಳುವ ಕೆಲಸ ಅವರದು.

ಎಲ್ಲಿಗೆ ಹೋಗಬೇಕೆಂಬ ಮಾತು ಬಂದಾಗ ರಾಯರು ಎಲಿಫೆಂಟಾ ಎಂದರು. ಶೆಟ್ಟರು ಬೋರಿವಲಿಯ ಕಾಡು ಎಂದರು. ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದು, "ಧಾರಾವಿಗೆ ಹೋಗೋಣ" ಎಂದರು.

ಶೆಟ್ಟರು ನಕ್ಕುಬಿಟ್ಟರು. "ಅಲ್ಲ ಮೇಷ್ಟ್ರೇ, ಧಾರಾವಿಗೆ ಯಾರಾದರೂ ಚಂದದ ಫೋಟೋ ತೆಗೆಯಲಿಕ್ಕೆ ಹೋಗುತ್ತಾರೆಯೇ? ಅಲ್ಲಿ ನೋಡಲಿಕ್ಕೆ ಏನುಂಟು?"

"ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಉಂಟು. ಇನ್ನೆಷ್ಟು ದಿನ ಇರುತ್ತದೆಯೋ ಗೊತ್ತಿಲ್ಲ" ಎಂದರು ಮೇಷ್ಟ್ರು.

ಆ ಮಾತಿಗೆ ಯಾರೂ ಎದುರಾಡಲಿಲ್ಲ.

ಟ್ರಾಮಿನಿಂದ ಸುರಂಗದವರೆಗೆ

ನನ್ನ ಕ್ಯಾಮರಾದ ಕಥೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಆಗ್ಫಾ ಕ್ಲಿಕ್ ತ್ರೀ. ನಮ್ಮ ಕಾಲದ ಮಧ್ಯಮ ವರ್ಗದ ಮನೆಗಳಲ್ಲಿ ಕಪಾಟಿನ ಮೇಲಿನ ಹಲಗೆಯಲ್ಲಿ, ಮಕ್ಕಳ ಕೈಗೆ ಎಟಕದಂತೆ ಇಡುತ್ತಿದ್ದ ಕಪ್ಪು ಪೆಟ್ಟಿಗೆ. ಒಂದು ರೋಲಿಗೆ ಹನ್ನೆರಡು ಚಿತ್ರ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಉಳಿದದ್ದು ದೇವರ ಇಚ್ಛೆ. ಅದು ನನ್ನ ತಂದೆಯವರದು. 1964ರ ಮಾರ್ಚ್ 31ರ ರಾತ್ರಿ ಮುಂಬಯಿಯ ಕಟ್ಟಕಡೆಯ ಟ್ರಾಮು ಬೋರಿಬಂದರಿನಿಂದ ದಾದರಿಗೆ ಹೊರಟಾಗ, ಅವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜನಸಂದಣಿಯಲ್ಲಿ ನಿಂತು ಅದರ ಚಿತ್ರ ತೆಗೆದರು. ರಾತ್ರಿ ಹತ್ತು ಗಂಟೆಯ ಹೊತ್ತು. ಈ ಪೆಟ್ಟಿಗೆಗೆ ಹಗಲ ಬಿಸಿಲಲ್ಲದೆ ಬೇರೇನೂ ಕಾಣಿಸದು. ರೋಲು ತೊಳೆಸಿ ತಂದಾಗ ಟ್ರಾಮಿನ ಜಾಗದಲ್ಲಿ ಬರಿಯ ಕಪ್ಪು ಚೌಕವಿತ್ತು. ತಂದೆಯವರು ಅದನ್ನು ಬಹಳ ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದರು. "ಒಂದು ವಾರ ಮೊದಲು ಮಧ್ಯಾಹ್ನ ಹೋಗಿದ್ದರೆ ಸಿಗುತ್ತಿತ್ತು" ಎಂದು ಆಗಾಗ ಹೇಳುತ್ತಿದ್ದುದು ನನಗೆ ಇಂದಿಗೂ ನೆನಪಿದೆ.

ಮುಂಬಯಿಯಲ್ಲಿ ಟ್ರಾಮು ಓಡತೊಡಗಿದ್ದು 1874ರ ಮೇ 9ರಂದು, ಕುದುರೆಗಳ ಬಲದಿಂದ. 1907ರ ಮೇ ತಿಂಗಳಲ್ಲಿ ವಿದ್ಯುತ್ ಟ್ರಾಮು ಬಂದಿತು. ತೊಂಬತ್ತು ವರ್ಷ ಓಡಿ ಅದು ನಿಂತ ಮೇಲೆ ಈ ನಗರಕ್ಕೆ ಹಗುರವಾದ ರೈಲೇ ಇಲ್ಲವಾಯಿತು. ಉಳಿದದ್ದು ನಮ್ಮನ್ನು ಹಿಂಡಿ ಹಿಪ್ಪೆ ಮಾಡುವ ಲೋಕಲ್ ಗಾಡಿಗಳು. ಐವತ್ತು ವರ್ಷಗಳ ನಂತರ, 2014ರ ಫೆಬ್ರವರಿಯಲ್ಲಿ ಚೆಂಬೂರು-ವಡಾಲಾ ನಡುವೆ ಒಂದೇ ಕಂಬಿಯ ಮೋನೋರೈಲು ಬಂದಿತು. ಅದೇ ಜೂನ್ 8ರಂದು ವರ್ಸೋವಾ-ಘಾಟ್‌ಕೋಪರ್ ಮೆಟ್ರೋ ಬಂದಿತು. ಮೋನೋರೈಲಿನ ಹಣೆಬರಹ ನೆಟ್ಟಗಿರಲಿಲ್ಲ. 2019ರಲ್ಲಿ ಅದನ್ನು ಸಂತ ಗಾಡಗೆ ಮಹಾರಾಜ್ ಚೌಕದವರೆಗೆ ಬೆಳೆಸಿದರೂ, 2025ರ ಸೆಪ್ಟೆಂಬರಿನಲ್ಲಿ ದುರಸ್ತಿಗೆಂದು ನಿಲ್ಲಿಸಿಬಿಟ್ಟರು. ಮೆಟ್ರೋ ಮಾತ್ರ ಬಳ್ಳಿಯಂತೆ ಹಬ್ಬಿತು. ನೆಲದಡಿಯಲ್ಲಿ ಓಡುವ ಮೂರನೆಯ ಮಾರ್ಗ ಆರೆಯಿಂದ ಬಾಂದ್ರಾ-ಕುರ್ಲಾ ಸಂಕೀರ್ಣದವರೆಗೆ 2024ರ ಅಕ್ಟೋಬರಿನಲ್ಲಿಯೂ, ವರಳಿಯ ಆಚಾರ್ಯ ಅತ್ರೆ ಚೌಕದವರೆಗೆ 2025ರ ಮೇಯಲ್ಲಿಯೂ, ಕೊನೆಗೆ ಕಫ್ ಪರೇಡಿನವರೆಗೆ 2025ರ ಅಕ್ಟೋಬರಿನಲ್ಲಿಯೂ ತೆರೆಯಿತು. ಒಟ್ಟು 33.5 ಕಿಲೋಮೀಟರು, 27 ನಿಲ್ದಾಣ. ಅವುಗಳಲ್ಲಿ ಒಂದರ ಹೆಸರು ಧಾರಾವಿ.

ಈ ಹೆಸರಿನ ಬಗ್ಗೆ ಒಂದು ಮಾತು. ಧಾರಾವಿಯ ಪಶ್ಚಿಮಕ್ಕೆ ಒಂದು ರೈಲುದಾರಿ, ಪೂರ್ವಕ್ಕೆ ಇನ್ನೊಂದು. ಆದರೆ ನಿಲ್ದಾಣಗಳ ಹೆಸರು ಮಾಹಿಮ್, ಮಾಟುಂಗಾ, ಸಾಯನ್. ಇಷ್ಟು ಕಾಲ ಧಾರಾವಿಯ ಹೆಸರನ್ನು ಹೊತ್ತ ರೈಲು ನಿಲ್ದಾಣವೇ ಇರಲಿಲ್ಲ. ಈಗ ಎಂಟು ಡಬ್ಬಿಗಳ ತಂಪು ಗಾಡಿಯಲ್ಲಿ, ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ, "ಮುಂದಿನ ನಿಲ್ದಾಣ ಧಾರಾವಿ" ಎಂದು ಗೌರವದಿಂದ ಸಾರುತ್ತಾರೆ.

ಶೆಟ್ಟರು, ಹುಡುಗಿ, ರಾಯರು ಮತ್ತು ನಾನು ಮರೋಳ್ ನಾಕಾದಲ್ಲಿ ಕೂಡಿದೆವು. ಮೇಷ್ಟ್ರು ಸಾಂತಾಕ್ರೂಜಿನಲ್ಲಿ ಹತ್ತಿಕೊಂಡರು. ಕೂರಲು ಜಾಗ ಸಿಕ್ಕಿತು. ಮುಂಬಯಿಯ ರೈಲಿನಲ್ಲಿ ಕೂರಲು ಜಾಗ ಸಿಕ್ಕಿದರೆ ಎಲ್ಲಿಯೋ ಏನೋ ತಪ್ಪಿದೆಯೆಂದು ರಾಯರಿಗೆ ಅನುಮಾನ. ಅವರು ಎರಡು ನಿಲ್ದಾಣ ನಿಂತೇ ಇದ್ದರು. ಕಿಟಕಿಯಲ್ಲಿ ನೋಡಲು ಏನೂ ಇಲ್ಲ. ಬಾಂದ್ರಾ-ಕುರ್ಲಾ ದಾಟಿದ ಮೇಲೆ ಗಾಡಿ ಮಿಠಿ ನದಿಯ ತಳದಲ್ಲಿ ಹೋಗುತ್ತದೆ. ನಮ್ಮ ನೆತ್ತಿಯ ಮೇಲೆ ಹೊಳೆ ಹರಿಯುತ್ತಿದೆಯೆಂದರೆ ನಂಬಿಕೆ ಬಾರದು. ಆ ಕತ್ತಲೆಯ ಗಾಜಿನಲ್ಲಿ ನಮ್ಮ ನಾಲ್ವರ ಮುಖಗಳು ಸಾಲಾಗಿ ಮೂಡಿದ್ದವು. ಹುಡುಗಿ ಅದನ್ನು ಥಟ್ಟನೆ ತನ್ನ ಮೊಬೈಲಿನಲ್ಲಿ ಹಿಡಿದಳು. ಅಂದಿನ ಮೊದಲನೆಯ ಚಿತ್ರ ಅದೇ. ಕ್ಯಾಮರಾದ ಚೀಲದ ಗುಂಡಿಯನ್ನೂ ಬಿಚ್ಚದೆ ಕುಳಿತಿದ್ದ ನನಗೆ ಸ್ವಲ್ಪ ನಾಚಿಕೆಯಾಯಿತು.

ಕೋಟೆ, ಕುಲುಮೆ, ಕೋಪ

ಧಾರಾವಿಯೆಂದರೆ ಗುಡಿಸಲು ಎಂದಷ್ಟೇ ತಿಳಿದವರು ಅದರ ವಯಸ್ಸನ್ನು ಮರೆಯುತ್ತಾರೆ. 1909ರ ಮುಂಬಯಿ ಗೆಜೆಟಿಯರಿನಲ್ಲಿ ಧಾರಾವಿಯನ್ನು ನಗರದ ಆರು ದೊಡ್ಡ ಕೋಳಿವಾಡೆಗಳಲ್ಲಿ ಒಂದೆಂದು ಎಣಿಸಿದ್ದಾರೆ. ಕೋಳಿಗಳೆಂದರೆ ಮೀನುಗಾರರು; ಮಿಠಿಯ ಅಳಿವೆಯ ಮೀನೇ ಅವರ ಬಾಳು. 19ನೆಯ ಶತಮಾನದ ಕೊನೆಯಲ್ಲಿ ಚರ್ಮ ಹದಮಾಡುವ ಕಾರಖಾನೆಗಳು ಊರ ಹೊರಗೆಂದು ಇಲ್ಲಿಗೆ ಬಂದವು. ಅವುಗಳ ಬೆನ್ನಿಗೆ ತಮಿಳುನಾಡಿನ ಕುಶಲಿಗಳು ಬಂದರು. ಸೌರಾಷ್ಟ್ರದ ಕುಂಬಾರರು ದಕ್ಷಿಣ ಮುಂಬಯಿಯಿಂದ ಎಬ್ಬಿಸಲ್ಪಟ್ಟು ಇಲ್ಲಿ ಗೂಡು ಹಾಕಿದರು. ಉತ್ತರಪ್ರದೇಶದವರು ಸೂಜಿದಾರ ಹಿಡಿದು ಬಂದರು. ಬರಗಾಲ ಬಂದಾಗಲೆಲ್ಲ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯವರು ಗಂಟುಮೂಟೆ ಕಟ್ಟಿಕೊಂಡು ಬಂದರು. ಸುಮಾರು 2.4 ಚದರ ಕಿಲೋಮೀಟರಿನ ಈ ಜಾಗದಲ್ಲಿ ಹತ್ತು ಲಕ್ಷ ಜನರಿದ್ದಾರೆಂದು ಹೇಳುವುದು ವಾಡಿಕೆ. ನಾವು ಮಾಟುಂಗಾದಲ್ಲಿಯೂ ಮಾಹಿಮಿನಲ್ಲಿಯೂ ಕನ್ನಡ ಸಂಘಗಳ ಸಭೆಗಳಿಗೆ ಹೋಗಿ ಸನ್ಮಾನದ ಶಾಲುಗಳನ್ನು ಹೊದೆಯುತ್ತೇವೆ. ಅಲ್ಲಿಂದ ಹತ್ತು ಇಪ್ಪತ್ತು ನಿಮಿಷದ ನಡಿಗೆಯಲ್ಲಿ ಇಷ್ಟು ಕನ್ನಡ ಮನೆಗಳಿವೆಯೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಹೋಗಿರಲಿಲ್ಲ, ಅಷ್ಟೆ.

ಮೊದಲು ಕಾಳಾ ಕಿಲ್ಲಾಗೆ ಹೋದೆವು. ರೀವಾ ಕೋಟೆಯೆಂದು ಇದರ ಇನ್ನೊಂದು ಹೆಸರು. ಮುಂಬಯಿಯ ಗವರ್ನರ್ ಜಾನ್ ಹಾರ್ನ್ 1737ರಲ್ಲಿ ಇದನ್ನು ಕಟ್ಟಿಸಿದನೆಂದು ಕಲ್ಲಿನ ಶಾಸನ ಹೇಳುತ್ತದೆ. ಸಾಷ್ಟಿಯ ಕಡೆಯಿಂದ ಬರುವ ಶತ್ರುಗಳ ಮೇಲೆ ಕಣ್ಣಿಡಲು ಹೊಳೆಯ ದಂಡೆಯಲ್ಲಿ ಕಟ್ಟಿದ ಕೋಟೆ. ಈಗ ಮನೆಗಳು ಅದನ್ನು ಸುತ್ತುಗಟ್ಟಿವೆ. ಕೋಟೆಯ ಪೂರ್ಣ ಚಿತ್ರ ತೆಗೆಯಬೇಕೆಂದು ನಾನು ಹಿಂದೆ ಹಿಂದೆ ಸರಿದು ಒಂದು ನೀರಿನ ಪೀಪಾಯಿಯ ಮೇಲೆ ಕುಳಿತುಬಿಟ್ಟೆ. ನಾಲ್ಕು ಚಿತ್ರ ಖರ್ಚಾದವು. ರಾಯರು ಬೆರಳು ಮಡಿಸಿ, "ಉಳಿಕೆ ಎಂಟು" ಎಂದರು.

ಅಲ್ಲಿಂದ ಕುಂಭಾರವಾಡಾ. ಇಲ್ಲಿ ಮನೆಯ ಮುಂದೆಯೇ ತಿಗರಿ, ಅಂಗಳದಲ್ಲಿಯೇ ಆವಿಗೆ. ಹತ್ತಿಯ ಚಿಂದಿಯನ್ನು ತುರುಕಿ ಬೆಂಕಿ ಕೊಡುತ್ತಾರೆ. ಹೊಗೆ ಮೇಲೆದ್ದು, ಬೆಳಗಿನ ಬಿಸಿಲು ಅದರಲ್ಲಿ ಕೋಲುಕೋಲಾಗಿ ಇಳಿಯುತ್ತದೆ. ಛಾಯಾಗ್ರಾಹಕನಾದವನು ಇಂಥದನ್ನು ಕಂಡರೆ ಹಸಿದವನು ಊಟದೆಲೆ ಕಂಡಂತೆ. ನಾನೂ ಮೈಮರೆತೆ. ಹೊಗೆಯ ನಡುವೆ ಹಣತೆಗಳನ್ನು ಜೋಡಿಸುತ್ತಿದ್ದ ಒಬ್ಬ ಹೆಂಗಸಿನ ಚಿತ್ರವನ್ನು, ಆಕೆಯನ್ನು ಕೇಳದೆ, ತೆಗೆದುಬಿಟ್ಟೆ.

ಆಕೆ ತಲೆ ಎತ್ತಿದಳು. ಹಿಂದಿಯಲ್ಲಿ ಆಕೆ ಆಡಿದ ಮಾತಿನ ತಾತ್ಪರ್ಯ ಇಷ್ಟು: ದಿನಾ ಯಾರಾದರೊಬ್ಬರು ಬರುತ್ತೀರಿ, ತೆಗೆದುಕೊಂಡು ಹೋಗುತ್ತೀರಿ, ಎಲ್ಲಿ ಹಾಕುತ್ತೀರಿ, ಏನು ಬರೆಯುತ್ತೀರಿ, ನಮಗೆ ಗೊತ್ತಾಗುವುದಿಲ್ಲ, ಅದನ್ನು ಅಳಿಸಿ.

ಅಳಿಸುವುದು ಹೇಗೆ? ಇದು ರೋಲಿನ ಕ್ಯಾಮರಾ, ಒಳಗೆ ಬಿದ್ದದ್ದು ಬಿದ್ದಿತು ಎಂದು ವಿವರಿಸಿದೆ. ಆಕೆ ನಂಬಲಿಲ್ಲ. ಇಷ್ಟು ವಯಸ್ಸಾದವರು ಹೀಗೆ ಸುಳ್ಳು ಹೇಳಬಹುದೇ ಎಂಬ ನೋಟ ನೋಡಿದಳು. ಅಕ್ಕಪಕ್ಕದವರು ಸೇರಿದರು. ಕೊನೆಗೆ ಹುಡುಗಿಯೇ ಮುಂದೆ ಬಂದು, "ದೀದಿ, ಇವರು ಆ ಒಂದು ಚಿತ್ರವನ್ನು ಕತ್ತರಿಸಿ ಬಿಸಾಡುತ್ತಾರೆ, ಅದಕ್ಕೆ ನಾನು ಹೊಣೆ" ಎಂದು ಒಪ್ಪಿಸಿದಳು. ಎಪ್ಪತ್ತು ದಾಟಿದ ನನಗೆ ಹತ್ತೊಂಬತ್ತರ ಹುಡುಗಿ ಜಾಮೀನು ನಿಂತಳು.

ಮುಂದೆ ನಡೆಯುತ್ತ ಮೇಷ್ಟ್ರು ಮೆಲ್ಲಗೆ ಮೈಸೂರಿನ ಟಿ. ಎಸ್. ಸತ್ಯನ್ ಅವರ ಮಾತೆತ್ತಿದರು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಸತ್ಯನ್ ನಮ್ಮ ನಾಡಿನ ಹೆಮ್ಮೆಯ ಛಾಯಾಗ್ರಾಹಕರು. 1977ರಲ್ಲಿ ಪದ್ಮಶ್ರೀ ಪಡೆದವರು. ಸಾಮಾನ್ಯ ಜನರನ್ನೇ, ಅದರಲ್ಲಿಯೂ ಮಕ್ಕಳನ್ನು, ಎಷ್ಟು ಚಿತ್ರಗಳಲ್ಲಿ ತೆಗೆದರು! "ಆ ಚಿತ್ರಗಳಲ್ಲಿ ಜನ ನಮ್ಮನ್ನು ಹೇಗೆ ನೋಡುತ್ತಾರೆ ಗಮನಿಸಿದ್ದೀರಾ?" ಎಂದರು ಮೇಷ್ಟ್ರು. "ಬಂದ ನೆಂಟರನ್ನು ನೋಡುವ ಹಾಗೆ ನೋಡುತ್ತಾರೆ." ನಾನು ಉತ್ತರ ಕೊಡಲಿಲ್ಲ. ಧಾರಾವಿಯನ್ನು ಸುತ್ತಿ ತೋರಿಸುವ ಕೆಲವು ಸಂಸ್ಥೆಗಳು ಕ್ಯಾಮರಾವನ್ನೇ ತರಬಾರದೆಂದು ನಿಯಮ ಮಾಡಿವೆಯೆಂದು ಆಮೇಲೆ ತಿಳಿಯಿತು. ನಿಯಮಕ್ಕೆ ಕಾರಣ ನನ್ನಂಥವರೇ.

ಶೆಟ್ಟರ ಸ್ಥಿತಿ ಬೇರೆಯಾಗಿತ್ತು. ತೊಂಬತ್ತಡಿ ರಸ್ತೆಯ ಸಮೀಪ ಒಂದು ಓಣಿಯಲ್ಲಿ ತಮಿಳು ಕುಟುಂಬವೊಂದು ಇಡ್ಲಿ ಬೇಯಿಸುತ್ತಿತ್ತು. ನಗರದ ಬೀದಿಗಳಲ್ಲಿ ಬೆಳಗ್ಗೆ ಸೈಕಲ್ಲಿನ ಮೇಲೆ ಬರುವ ಇಡ್ಲಿಯ ತವರು ಇಂಥ ಓಣಿಗಳೇ. ಶೆಟ್ಟರು ಹಿಟ್ಟಿನ ಪಾತ್ರೆಯನ್ನು ಬಗ್ಗಿ ನೋಡಿದರು, ಮೂಸಿದರು, ಒಂದು ಇಡ್ಲಿಯನ್ನು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾವು ತೀರ್ಪಿಗಾಗಿ ಕಾದೆವು. "ನಮ್ಮ ಹುಡುಗನಿಗೆ ಇದನ್ನು ತೋರಿಸಬೇಕು" ಎಂದರು. ನಲವತ್ತು ವರ್ಷ ಹೋಟೆಲು ನಡೆಸಿದ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಧಾರಾವಿಯಲ್ಲಿ ನೋಡಲು ಏನುಂಟು ಎಂಬ ಪ್ರಶ್ನೆಯನ್ನು ಅವರು ಮತ್ತೆ ಎತ್ತಲಿಲ್ಲ.

ಬಾಗಿಲ ಚೌಕಟ್ಟು

ಮೇಷ್ಟ್ರ ವಿದ್ಯಾರ್ಥಿ ಓಣಿಯ ಬಾಯಿಯಲ್ಲಿಯೇ ಕಾದಿದ್ದ. ನಲವತ್ತೈದರ ಗೃಹಸ್ಥ, ತಲೆಯಲ್ಲಿ ನರೆ. ಆದರೂ ಮೇಷ್ಟ್ರನ್ನು ಕಂಡೊಡನೆ ಕೈಗಳನ್ನು ಹಿಂದೆ ಕಟ್ಟಿ ನಿಂತ. "ಬರ್ರಿ ಸರ, ಹುಷಾರಿ, ತಲಿ ಬಡಿತದ" ಎನ್ನುತ್ತ ಮುಂದೆ ನಡೆದ. ಓಣಿ ಎಷ್ಟು ಕಿರಿದೆಂದರೆ ಎದುರು ಒಬ್ಬರು ಬಂದರೆ ಇಬ್ಬರಲ್ಲಿ ಒಬ್ಬರು ಯಾರದಾದರೂ ಮನೆಯೊಳಕ್ಕೆ ಸರಿದು ನಿಲ್ಲಬೇಕು. ಮೇಲೆ ತಂತಿಗಳ ಜಡೆ. ಕಾಲ ಕೆಳಗೆ ಚಪ್ಪಡಿ, ಅದರ ಕೆಳಗೆ ಮೋರಿ.

ಮನೆಯೆಂದರೆ ಕೆಳಗೆ ಒಂದು ಕೋಣೆ, ಕಬ್ಬಿಣದ ಏಣಿ ಹತ್ತಿದರೆ ಮೇಲೆ ಇನ್ನೊಂದು. ಕೆಳಗೆ ಅವನೂ ಅವನ ಹೆಂಡತಿ ಮಕ್ಕಳೂ ತಾಯಿಯೂ. ಮೇಲೆ ತಮ್ಮನ ಸಂಸಾರ. ಒಂದೇ ಒಲೆ. ತಾಯಿ ಗೋಡೆಗೆ ಒರಗಿ ಕುಳಿತಿದ್ದರು. ಯಾದಗಿರಿ ಕಡೆಯವರು. 1972ರ ಬರಗಾಲದಲ್ಲಿ ಗಂಡನೊಡನೆ ಬಂದವರು. ಗಂಡ ಬಂದರಿನ ಗೋದಿಯಲ್ಲಿ ಮೂಟೆ ಹೊತ್ತು ಈ ಮನೆ ಮಾಡಿದ. ತೀರಿಕೊಂಡು ಇಪ್ಪತ್ತು ವರ್ಷ ಮೇಲಾಯಿತು. ನಮಗೆಲ್ಲ ಚಹ ಬಂದಿತು. ರಾಯರು ಸಕ್ಕರೆಯಿಲ್ಲದ ಚಹದ ತಮ್ಮ ವ್ರತವನ್ನು ಅಂದು ಮರೆತರು.

ಬಾಗಿಲ ಪಕ್ಕದಲ್ಲಿ ಗೋಡೆಯ ಮೇಲೆ ಬಣ್ಣದಲ್ಲಿ ಒಂದು ಸಂಖ್ಯೆ ಬರೆದಿತ್ತು. ಧಾರಾವಿಯ ಪುನರ್ನಿರ್ಮಾಣಕ್ಕಾಗಿ 2024ರ ಮಾರ್ಚಿನಲ್ಲಿ ಮನೆಮನೆಯ ಅಳತೆ ಆರಂಭವಾಯಿತಷ್ಟೆ. ಪ್ರತಿಯೊಂದು ಮನೆಗೂ ಅಂಥದೊಂದು ಸಂಖ್ಯೆ. ಈ ಯೋಜನೆಯ ಮಾತು ಹೊಸದಲ್ಲ. ಸರಕಾರ 2004ರಲ್ಲಿಯೇ ಇದನ್ನು ಕೈಗೆತ್ತಿಕೊಂಡಿತ್ತು. ಹಲವು ಸಲ ಟೆಂಡರು ಕರೆದು ರದ್ದು ಮಾಡಿ, 2022ರ ನವೆಂಬರಿನಲ್ಲಿ ಅದಾನಿ ಸಮೂಹದ 5,069 ಕೋಟಿ ರೂಪಾಯಿಯ ಹರಾಜು ಗೆದ್ದಿತು. ಸರಕಾರವೂ ಅದರಲ್ಲಿ ಪಾಲುದಾರ. ನಿಯಮದ ಪ್ರಕಾರ, 2000ದ ಜನವರಿ 1ಕ್ಕೆ ಮುಂಚೆ ನೆಲಮಟ್ಟದ ಮನೆಯಲ್ಲಿ ಇದ್ದವರಿಗೆ ಧಾರಾವಿಯಲ್ಲಿಯೇ 350 ಚದರ ಅಡಿಯ ಮನೆ, ಉಚಿತ. ಮೇಲಿನ ಅಂತಸ್ತಿನವರಿಗೆ ನಿಯಮವೂ ಬೇರೆ, ಜಾಗವೂ ಬೇರೆ. ಅವರ ಮನೆ ಧಾರಾವಿಯ ಹೊರಗೆ, ಬಾಡಿಗೆಯ ಲೆಕ್ಕದಲ್ಲಿ.

ಈ ಒಂದು ವಾಕ್ಯವನ್ನು ಪತ್ರಿಕೆಯಲ್ಲಿ ನಾನೂ ಓದಿದ್ದೆ. ಓದಿ ಹಾಳೆ ಮಗುಚಿದ್ದೆ. ಅದರ ಅರ್ಥ ನನಗೆ ಆದದ್ದು ಆ ಕಬ್ಬಿಣದ ಏಣಿಯನ್ನು ನೋಡಿದಾಗ. ಅಣ್ಣ ಇಲ್ಲಿ ಉಳಿಯುತ್ತಾನೆ. ತಮ್ಮ ಎಲ್ಲಿಗೋ ಹೋಗುತ್ತಾನೆ. ಒಲೆ ಎರಡಾಗುತ್ತದೆ. ತಾಯಿ ಯಾವ ಒಲೆಯ ಬಳಿ ಕೂರಬೇಕು?

ಒಳ್ಳೆಯದಾಗುವುದಿಲ್ಲವೆಂದು ಹೇಳುವ ಹಕ್ಕು ನಮಗಿಲ್ಲ. ಹಿರಿಯ ಸೊಸೆ ಸ್ಪಷ್ಟವಾಗಿಯೇ ಹೇಳಿದಳು: "ನಮ್ಗ ಮನಿಯೊಳಗ ಪಾಯಖಾನಿ ಸಿಗ್ತದಲ್ರಿ, ಅಷ್ಟಾದ್ರ ಸಾಕ್ರಿ. ನನ್ನ ಮಗಳು ರಾತ್ರಿ ಹೊರಗ ಹೋಗೂದು ತಪ್ತದ." ಆ ಮಾತಿಗೆ ಎದುರಾಗಿ ಹಳೆಯದರ ಸೊಬಗನ್ನು ಹೊಗಳುವವನು ಮೂರ್ಖ. ಆದರೆ ತಾಯಿ ಬಾಗಿಲ ಕಡೆ ಕೈತೋರಿಸಿ, "ಮನಿ ಕೊಡ್ತಾರಂತ. ಆ ಚೌಕಟ್ಟ ಕೊಡಂಗಿಲ್ಲಲ್ರಿ" ಎಂದರು.

ಆಗ ನಾವು ಚೌಕಟ್ಟನ್ನು ನೋಡಿದೆವು. ಮರದ ಹಳೆಯ ಚೌಕಟ್ಟು. ಹಸುರು ಬಣ್ಣ ಹಾರಿಹೋಗಿದೆ. ಅದರ ಒಳಮೈಯಲ್ಲಿ ಕೆಳಗಿನಿಂದ ಮೇಲಕ್ಕೆ ಮೊಳೆಯಿಂದ ಗೀರಿದ ಗೆರೆಗಳು. ಪ್ರತಿಯೊಂದು ಗೆರೆಯ ಪಕ್ಕದಲ್ಲಿ ಒಂದೊಂದು ಅಂಕಿ: ೧, ೨, ೩, ೪. ಮಕ್ಕಳು ಒಂದೊಂದು ಇಯತ್ತೆಗೆ ಹೋದಾಗಲೂ ತಂದೆ ಅವರನ್ನು ಅಲ್ಲಿ ನಿಲ್ಲಿಸಿ ಎತ್ತರ ಗುರುತಿಸುತ್ತಿದ್ದ. ಎಡಗಡೆ ದೊಡ್ಡವನದು, ಬಲಗಡೆ ಚಿಕ್ಕವನದು. ತಂದೆಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರೆದವರು ಮಕ್ಕಳೇ. ಎಡಗಡೆ ಏಳರ ಬಳಿಯಲ್ಲಿ ಗೆರೆ ನಿಂತಿದೆ. ಆಮೇಲೆ ಅವನು ಕೆಲಸಕ್ಕೆ ಸೇರಿದ. ಬಲಗಡೆ ಹತ್ತರವರೆಗೆ ಇದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಈ ಮೂರನ್ನು ನೋಡಿ, ತಲೆಕೆಳಗಾಗಿ ಬರೆದಿದ್ದಾನೆ. ನಾನು ಎಷ್ಟು ಹೊಡೆದರೂ ತಿದ್ದಲಿಲ್ಲ" ಎಂದರು. ನಲವತ್ತೈದರ ವಿದ್ಯಾರ್ಥಿ ನಕ್ಕ. ಅವನ ಮಗ, ಹತ್ತು ವರ್ಷದ ಹುಡುಗ, ಅದೇನು ಬರೆದಿದೆಯೆಂದು ಕೇಳಿದ. ಅವನು ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ. ಅಪ್ಪನ ಅಂಕಿಗಳು ಅವನಿಗೆ ಬರಿಯ ಚಿತ್ತಾರ.

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಕನ್ನಡವೂ ಅವುಗಳಲ್ಲಿ ಒಂದು. ಮೇಷ್ಟ್ರು ಕೆಲಸಕ್ಕೆ ಸೇರಿದಾಗ ಅವರ ತರಗತಿಯಲ್ಲಿ ಬೆಂಚಿಗೆ ನಾಲ್ವರಂತೆ ಮಕ್ಕಳು ಕೂರುತ್ತಿದ್ದರು. ನಿವೃತ್ತರಾದ ವರ್ಷ ಒಟ್ಟು ಹನ್ನೊಂದು ಮಂದಿ. ಮಕ್ಕಳನ್ನು ಕಳಿಸಲಿಲ್ಲವೆಂದು ಧಾರಾವಿಯ ತಾಯಿತಂದೆಯರನ್ನು ಯಾರೂ ದೂರುವಂತಿಲ್ಲ. ನಮ್ಮ ಮನೆಯ ಮಕ್ಕಳು ಯಾವ ಶಾಲೆಗೆ ಹೋದರು?

ಒಂದೇ ಒಂದು ಉಳಿದಿತ್ತು

ಮೇಷ್ಟ್ರು ನಮ್ಮನ್ನು ಕರೆತಂದ ಉದ್ದೇಶ ಆಗ ತಿಳಿಯಿತು. ಈ ಮನೆಯಲ್ಲಿ ಎಲ್ಲರೂ ಒಟ್ಟಿಗಿರುವ ಒಂದು ಚಿತ್ರವೂ ಇರಲಿಲ್ಲ. ಮೊಬೈಲು ನಾಲ್ಕಿದ್ದವು, ಅವುಗಳಲ್ಲಿ ನೂರಾರು ಫೋಟೋಗಳಿದ್ದವು, ಕಾಗದದ ಮೇಲೆ ಮುದ್ರಿಸಿ ಗೋಡೆಗೆ ತೂಗುಹಾಕಿದ್ದು ಒಂದೇ, ತೀರಿಕೊಂಡ ತಂದೆಯದು, ಅದೂ ರೇಷನ್ ಕಾರ್ಡಿಗಾಗಿ ತೆಗೆದದ್ದನ್ನು ಹಿಗ್ಗಿಸಿದ್ದು.

ನಾನು ಕ್ಯಾಮರಾ ತೆಗೆದೆ. ರಾಯರು, "ಉಳಿಕೆ ಒಂದು" ಎಂದರು. ಹೌದು, ಕೋಟೆಗೆ ನಾಲ್ಕು, ಕುಂಭಾರವಾಡಾದಲ್ಲಿ ನಾಲ್ಕು, ಇಡ್ಲಿಯ ಹಬೆಗೆ ಎರಡು, ಮಸೀದಿಯ ಮಿನಾರಿಗೆ ಒಂದು. ಹನ್ನೊಂದನ್ನು ದಾರಿಯಲ್ಲಿ ಚೆಲ್ಲಿ ಬಂದಿದ್ದೆ.

ಒಂದಾದರೂ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡರೆ ಇನ್ನೊಂದು ತೊಡಕು. ನನ್ನ ಪೆಟ್ಟಿಗೆಯ ಕ್ಯಾಮರಾಕ್ಕೆ ಹತ್ತಡಿ ದೂರವಾದರೂ ಬೇಕು. ಹತ್ತಿರ ಬಂದರೆ ಎಲ್ಲವೂ ಮಸುಕು. ಓಣಿಯ ಅಗಲ ನಾಲ್ಕಡಿ. ಅತ್ತಿತ್ತ ನೋಡುತ್ತಿರುವಾಗ ಎದುರು ಮನೆಯ ತಮಿಳು ಹೆಂಗಸು, ಅದುವರೆಗೂ ಬಾಗಿಲಲ್ಲಿ ನಿಂತು ನಮ್ಮ ಪ್ರಹಸನವನ್ನು ನೋಡುತ್ತಿದ್ದವಳು, ತನ್ನ ಬಾಗಿಲನ್ನು ಪೂರ್ತಿ ತೆರೆದು "ಅಂದರ್ ಆವೋ" ಎಂದಳು. ಕುದಿಯುತ್ತಿದ್ದ ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಿ ನನಗೆ ಜಾಗ ಮಾಡಿದಳು. ನಾನು ಆಕೆಯ ಅಡಿಗೆಯ ಕಟ್ಟೆಗೆ ಬೆನ್ನು ಹಚ್ಚಿ ನಿಂತೆ. ಎರಡು ಬಾಗಿಲುಗಳ ಮೂಲಕ ನೋಡಿದರೆ ದೂರ ಸರಿಯಾಗಿ ಸಾಕಾಯಿತು. ಧಾರಾವಿಯಲ್ಲಿ ಒಂದು ಮನೆಯ ಚಿತ್ರ ತೆಗೆಯಬೇಕಾದರೆ ಎದುರು ಮನೆಯ ಒಳಗೆ ನಿಲ್ಲಬೇಕು.

ಇನ್ನು ಬೆಳಕು. ಓಣಿ ಕತ್ತಲೆಯ ಕೊಳವೆ. "ಹನ್ನೆರಡೂವರೆಗೆ ಬಿಸಿಲ ಬರ್ತದ್ರಿ, ಹತ್ತು ನಿಮಿಷ" ಎಂದರು ತಾಯಿ. ಐವತ್ತು ವರ್ಷ ಅಲ್ಲಿ ಹಪ್ಪಳ ಒಣಗಿಸಿದವರು. ಅವರ ಪಂಚಾಂಗ ತಪ್ಪುವುದಿಲ್ಲ. ಓಣಿ ದಕ್ಷಿಣೋತ್ತರವಾಗಿ ಇದ್ದುದರಿಂದ ಚಳಿಗಾಲದ ನಡುಹಗಲಿನ ಸೂರ್ಯ ಅದರ ಉದ್ದಕ್ಕೂ ಇಣುಕುತ್ತಾನೆ. ನಾವು ಕಾದೆವು. ಸೊಸೆಯರು ಸೀರೆ ಬದಲಿಸಿದರು. ಮೇಲಿನಿಂದ ತಮ್ಮನ ಸಂಸಾರ ಏಣಿ ಇಳಿದು ಬಂದಿತು. ಮಕ್ಕಳ ತಲೆಗೆ ಎಣ್ಣೆ ಬಿದ್ದಿತು.

ಬಿಸಿಲು ಬಂದಿತು. ಮೊದಲು ತಂತಿಗಳ ಮೇಲೆ, ಆಮೇಲೆ ಗೋಡೆಯ ಸಂಖ್ಯೆಯ ಮೇಲೆ, ಆಮೇಲೆ ಚೌಕಟ್ಟಿನ ಮೇಲೆ. ತಾಯಿ ಹೊಸ್ತಿಲ ಮೇಲೆ ಕುಳಿತರು. ಅಣ್ಣ ಎಡಗಡೆಯ ಗೆರೆಗಳ ಪಕ್ಕದಲ್ಲಿ, ತಮ್ಮ ಬಲಗಡೆಯ ಗೆರೆಗಳ ಪಕ್ಕದಲ್ಲಿ ನಿಂತರು. ಹೆಂಡತಿಯರು ಹಿಂದೆ, ಮಕ್ಕಳು ಸಂದುಗಳಲ್ಲಿ. ಯಾರಿಗೂ ನಗಿ ಎಂದು ನಾನು ಹೇಳಲಿಲ್ಲ. ತಾಯಿ ನೆಟ್ಟಗೆ ನನ್ನ ಕಡೆ ನೋಡಿದರು. ನಾನು ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ.

ಹುಡುಗಿ ಅದೇ ಹೊತ್ತಿನಲ್ಲಿ ತನ್ನ ಮೊಬೈಲಿನಲ್ಲಿ ಗೆರೆಗಳನ್ನೂ ಅಂಕಿಗಳನ್ನೂ ಒಂದೊಂದಾಗಿ, ಪಕ್ಕದಲ್ಲಿ ಅಳತೆಯ ಪಟ್ಟಿ ಹಿಡಿಸಿ, ತೆಗೆದುಕೊಂಡಳು. ನನಗೆ ಹೊಳೆಯದ ಬುದ್ಧಿ ಅವಳಿಗೆ ಹೊಳೆಯಿತು: ಮರ ಹೋದರೂ ಅಳತೆ ಉಳಿದೀತು.

ಹಿಂದಿರುಗಿ ಕೊಟ್ಟದ್ದು

ರೋಲು ತೊಳೆಯುವವರು ಈಗ ಈ ನಗರದಲ್ಲಿ ಬೆರಳೆಣಿಕೆ. ಎರಡು ವಾರ ಕಾದೆ. ಆ ಎರಡು ವಾರ ನನಗೆ ತಂದೆಯವರ ಕಪ್ಪು ಚೌಕ ಕನಸಿನಲ್ಲಿ ಬಂದಿತೆಂದರೆ ವಾಚಕರು ನಗಬಾರದು. ಕೋಟೆಯ ಚಿತ್ರಗಳಲ್ಲಿ ಕೋಟೆ ಎಲ್ಲಿದೆಯೆಂದು ಹುಡುಕಬೇಕಾಯಿತು. ಇಡ್ಲಿಯ ಹಬೆ ಚೆನ್ನಾಗಿ ಬಂದಿತ್ತು, ಇಡ್ಲಿ ಬಂದಿರಲಿಲ್ಲ. ಕುಂಭಾರವಾಡಾದ ಹೆಂಗಸಿನ ಚಿತ್ರ, ನಿಜ ಹೇಳುತ್ತೇನೆ, ನಾನು ಬಾಳಿನಲ್ಲಿ ತೆಗೆದವುಗಳಲ್ಲಿ ಅತ್ಯುತ್ತಮವಾದದ್ದು. ಹುಡುಗಿಯ ಎದುರಿಗೇ ಅದರ ನೆಗೆಟಿವನ್ನು ಕತ್ತರಿಸಿ ಚೂರುಮಾಡಿದೆ. ಜಾಮೀನಿನವಳ ಮಾನ ಉಳಿಯಬೇಕಲ್ಲ.

ಹನ್ನೆರಡನೆಯ ಚಿತ್ರ ಬಂದಿತ್ತು. ಸ್ವಲ್ಪ ಮಬ್ಬು, ಚಿಕ್ಕವನ ಮಗು ಅಲುಗಾಡಿ ಅದರ ಮುಖ ಎರಡಾಗಿದೆ. ತಾಯಿಯ ಕಣ್ಣು ಮಾತ್ರ ಸ್ಪಷ್ಟ.

ಮೂರು ಪ್ರತಿ ಮಾಡಿಸಿದೆವು: ತಾಯಿಗೆ ಒಂದು, ಅಣ್ಣನಿಗೆ ಒಂದು, ತಮ್ಮನಿಗೆ ಒಂದು. ಹುಡುಗಿ ಗೆರೆಗಳ ಚಿತ್ರವನ್ನು ಉದ್ದಕ್ಕೆ, ಚೌಕಟ್ಟಿನಷ್ಟೇ ಎತ್ತರವಾಗಿ, ಕ್ಯಾನ್ವಾಸಿನ ಮೇಲೆ ಮುದ್ರಿಸಿ ಸುರುಳಿ ಸುತ್ತಿ ತಂದಳು. ಅದರ ಖರ್ಚನ್ನು ಶೆಟ್ಟರು ಕೊಟ್ಟರು. ಲೆಕ್ಕ ಕೇಳಿದ ರಾಯರನ್ನು ಗದರಿಸಿದರು.

ಮತ್ತೆ ಅದೇ ಮೆಟ್ರೋದಲ್ಲಿ ಧಾರಾವಿಗೆ ಹೋದೆವು. ತಾಯಿ ಚಿತ್ರವನ್ನು ಬಹಳ ಹೊತ್ತು ನೋಡಿದರು. ಎದುರು ಮನೆಯವಳನ್ನು ಕರೆದು ತೋರಿಸಿದರು. ಆಕೆ ತನ್ನ ಅಡಿಗೆಯ ಕಟ್ಟೆ ಚಿತ್ರದಲ್ಲಿ ಏಕಿಲ್ಲವೆಂದು ಕೇಳಿದಳು, ನ್ಯಾಯವಾದ ಪ್ರಶ್ನೆ. ಮುಂದಿನ ಸಲ ಈ ಮನೆಯಿಂದ ಆ ಮನೆಯ ಚಿತ್ರ ತೆಗೆಯುವುದೆಂದು ಮಾತು ಕೊಟ್ಟಿದ್ದೇನೆ. ಒಂದು ಹೊಸ ರೋಲು ತಂದಿಟ್ಟಿದ್ದೇನೆ. ಹನ್ನೆರಡರಲ್ಲಿ ಒಂದನ್ನೂ ದಾರಿಯಲ್ಲಿ ಖರ್ಚುಮಾಡುವುದಿಲ್ಲ.

ಹೊರಡುವ ಮುಂಚೆ ಮೇಷ್ಟ್ರು ಆ ಹತ್ತು ವರ್ಷದ ಹುಡುಗನನ್ನು ಕರೆದು ಕ್ಯಾನ್ವಾಸಿನ ಮುಂದೆ ನಿಲ್ಲಿಸಿದರು. ಅವನ ತಲೆ ಅಪ್ಪನ ಐದನೆಯ ಇಯತ್ತೆ ದಾಟಿತ್ತು. ಜೇಬಿನಿಂದ ಪೆನ್ಸಿಲು ತೆಗೆದು ಕೊಟ್ಟು, "ಇಲ್ಲಿ ಗೆರೆ ಹಾಕು. ಪಕ್ಕದಲ್ಲಿ ನಿನ್ನ ತರಗತಿ ಬರಿ" ಎಂದರು. ಹುಡುಗ ಇಂಗ್ಲಿಷಿನ ಅಂಕಿ ಬರೆಯಹೊರಟ. ಮೇಷ್ಟ್ರು ಅವನ ಕೈ ಹಿಡಿದು ಒಂದು ಸುತ್ತು, ಒಂದು ಬಾಲ ತಿರುವಿಸಿ, ೫ ಎಂದು ಬರೆಸಿದರು. ಅಂಕಿ ಸೊಟ್ಟಗೆ ಬಂದಿತು. ಅಪ್ಪ ಪಕ್ಕದಲ್ಲಿ ಕೈ ಹಿಂದೆ ಕಟ್ಟಿ ನಿಂತು ನೋಡುತ್ತಿದ್ದ.

ನಮ್ಮ ಓದುಗ ಬಂಧುಗಳಲ್ಲಿ ಯಾರಾದರೂ ಹೀಗೆ ಹೋಗಬಯಸಿದರೆ ಹೇಳುವುದಿಷ್ಟು. ಮೆಟ್ರೋ ಹತ್ತಿರುಪಾಯಿಯಿಂದ ಆರಂಭ. ಮೆಟ್ಟಿಲು ಹತ್ತಲಾರದವರಿಗೆ ಲಿಫ್ಟು ಇದೆ. ಬೆಳಗ್ಗೆ ಹೋಗಿ. ಕೇಳಿ ತೆಗೆಯಿರಿ. ಬೇಡವೆಂದರೆ ಕ್ಯಾಮರಾ ಚೀಲಕ್ಕೆ ಹಾಕಿ. ತೆಗೆದದ್ದನ್ನು ಕಾಗದಕ್ಕೆ ಇಳಿಸಿ, ಮತ್ತೊಮ್ಮೆ ಹೋಗಿ, ಅವರ ಕೈಗೆ ಕೊಟ್ಟು ಬನ್ನಿ. ಎರಡನೆಯ ಸಲ ಹೋದಾಗಲೇ ಚಹದ ರುಚಿ ತಿಳಿಯುವುದು.